ಬೆಳಿಗ್ಗೆ ತಿರುಗದ ಮೋಟರ್

ಮೋಟರ್ ಕೆಟ್ಟಿದೆ ಎಂದು ಯಾರಾದರೂ ಹೇಳಿಕಳಿಸಿದರೆ, ಅಲ್ಲಿಗೆ ಹೋಗಿ ಚೀಲ ಕೆಳಗಿಡುವ ಮೊದಲೇ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಬೆಳಿಗ್ಗೆ ಇದನ್ನ ಆನ್ ಮಾಡೋರು ಯಾರು?" ಯಜಮಾನರಿಗೆ ಈ ಪ್ರಶ್ನೆ ಹಿಡಿಸುತ್ತಿರಲಿಲ್ಲ. ಕರೆಸಿದವನು ನಾನು, ಇವನು ನನ್ನನ್ನು ಬಿಟ್ಟು ಕೆಲಸದವರನ್ನು ವಿಚಾರಿಸುತ್ತಾನಲ್ಲ ಎಂದು ಮುಖ ಗಂಟಿಕ್ಕುತ್ತಿದ್ದರು. ಗಂಟಿಕ್ಕಿಕೊಳ್ಳಲಿ ಎಂದು ನಾನು ಕೇಳಿಯೇ ಕೇಳುತ್ತಿದ್ದೆ. ಆ ಪ್ರಶ್ನೆಯನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪುಟ್ಟತಾಯಕ್ಕ ಎನ್ನುವ ಹೆಣ್ಣುಮಗಳೊಬ್ಬಳು ನನ್ನ ಒಂದು ಮಾತಿನಿಂದ ಕೆಲಸ ಕಳೆದುಕೊಂಡಳು. ಆಮೇಲೆ ಕಲಿತೆ.

ಈಗ ನನ್ನ ಬಲಗೈ ಹೆಬ್ಬೆರಳು ಸರಿಯಾಗಿ ಮಡಚುವುದಿಲ್ಲ. ಸ್ಪ್ಯಾನರ್ ಮುಟ್ಟಿ ಮೂರು ವರ್ಷವಾಯಿತು. ರಾಮನಗರದ ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದೇನೆ. ಬಿಡದಿಯ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದ ಹುಡುಗರು ಭಾನುವಾರ ಬಂದು ಕೂತು, "ಸಣ್ಣ ಮೋಟರ್‌ಗಳ ಕಾಯಿಲೆ ಕಂಡುಹಿಡಿಯೋದು ಹೆಂಗೆ ಅಂತ ಒಸಿ ಬರೆದುಕೊಡಿ ಸಾರ್" ಎನ್ನುತ್ತಾರೆ. ಪುಸ್ತಕದಲ್ಲಿರುವುದನ್ನು ನಾನು ಮತ್ತೆ ಬರೆಯುವುದಿಲ್ಲ. ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲವಾದ್ದರಿಂದ ಅದನ್ನು ಬರೆಯುತ್ತೇನೆ.

ನಾನು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವನು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಗೋತಾ ಹೊಡೆದ ಮೇಲೆ ನಮ್ಮಪ್ಪ ನನ್ನನ್ನು ಬಸ್ಸು ಹತ್ತಿಸಿ ರಾಮನಗರಕ್ಕೆ ಕರೆತಂದು, ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿದ್ದ ಖಾದರ್ ಉಸ್ತಾದರ ಮೋಟರ್ ರಿಪೇರಿ ಅಂಗಡಿಯಲ್ಲಿ ಬಿಟ್ಟರು. ಅದು ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದ ಕಾಲ. ಊರಿನ ಯಾವ ಮೂಲೆಯಲ್ಲಿ ನಿಂತರೂ ಬೇಯುವ ಹುಳುವಿನ ವಾಸನೆ. ಅಲ್ಲಿಯವರೆಗೆ ರೇಷ್ಮೆ ಎಳೆಯುವ ಮನೆಗಳಲ್ಲಿ ಒಬ್ಬರು ಬಿಸಿನೀರಿನ ಬಾಣಲೆ ಮುಂದೆ ಕೂತು ಗೂಡಿನಿಂದ ಎಳೆ ಹಿಡಿಯುವುದು, ಇನ್ನೊಬ್ಬರು ನಿಂತು ಕೈಯಿಂದ ರಾಟೆ ತಿರುಗಿಸುವುದು ಇತ್ತು. ರಾಟೆ ತಿರುಗಿಸುವವರ ಜಾಗಕ್ಕೆ ಆಗ ಅರ್ಧ ಎಚ್‌ಪಿ ಮೋಟರ್‌ಗಳು ಬಂದು ಕೂತವು. ಬೆಂಚಿನ ಅಡಿಯಲ್ಲಿ, ಬಾಗಿಲ ಹಿಂದೆ, ನಾಲ್ಕು ಇಟ್ಟಿಗೆಯ ಮೇಲೆ, ಎಲ್ಲೆಂದರಲ್ಲಿ ಮೋಟರ್. ಅವುಗಳ ಸುತ್ತ ಹಬೆ, ನೀರು, ಹುಳದ ಜಿಡ್ಡು. ನಮಗೆ ಕೈತುಂಬ ಕೆಲಸ ಬಂದದ್ದು ಹೀಗೆ.

ಉಸ್ತಾದರು ಮೊದಲ ತಿಂಗಳು ನನಗೆ ಸ್ಕ್ರೂಡ್ರೈವರ್ ಮುಟ್ಟಲು ಬಿಡಲಿಲ್ಲ. ಅಟ್ಟದ ಮೇಲೆ ಸಾಲಾಗಿ ಕೆಟ್ಟ ಮೋಟರ್‌ಗಳಿದ್ದವು. ಕಣ್ಣು ಮುಚ್ಚಿಕೊಂಡು ಒಂದೊಂದರ ನಡುಗಂಬಿಯನ್ನು, ಅಂದರೆ ಶಾಫ್ಟನ್ನು, ಬೆರಳಲ್ಲಿ ತಿರುಗಿಸಿ, ಏನು ತಿಳಿಯಿತು ಎಂದು ಹೇಳಬೇಕು.

"ಕರೆಂಟ್ ತೆಗಿ. ಬೆಲ್ಟ್ ಬಿಚ್ಚು. ಕೈಯಲ್ಲಿ ತಿರುಗ್ಸು. ಆಮೇಲೆ ಬಾಕಿದೆಲ್ಲ," ಎನ್ನುತ್ತಿದ್ದರು. "ಮೋಟರ್‌ಗೆ ಬರೋ ಕಾಯಿಲೆ ಅರ್ಧಕ್ಕರ್ಧ ಕಬ್ಬಿಣದ್ದು ಬೇಟಾ, ಕರೆಂಟಿಂದಲ್ಲ. ಕರೆಂಟಿಗೆ ಸುಮ್ನೆ ಕೆಟ್ಟ ಹೆಸರು."

ಬೆರಳಿಗೆ ಮರಳು ಮರಳಾಗಿ ಸಿಕ್ಕರೆ ಬೇರಿಂಗಿನ ಗುಂಡು ಸವೆದಿದೆ. ಒಂದು ಸುತ್ತಿನಲ್ಲಿ ಒಂದೇ ಕಡೆ ತಡೆದರೆ ಶಾಫ್ಟ್ ಬಾಗಿದೆ. ಮೇಲೆ ಕೆಳಗೆ ಅಲ್ಲಾಡಿದರೆ ಶಾಫ್ಟಿಗೆ ಆಸರೆಯಾದ ಬುಷ್ ಸವೆದು ಹೋಗಿದೆ, ಒಳಗಿನ ರೋಟರ್ ಗೋಡೆಗೆ ಉಜ್ಜುತ್ತಿರಬಹುದು. ಓಡುವಾಗ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಮರದ ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನದೆಲ್ಲ ಕೇಳುತ್ತದೆ. ಗ್ರೀಸ್ ಒಣಗಿದ್ದರೆ ಕೀಚಲು ದನಿ, ಗುಂಡು ಓಡುವ ಪಥದಲ್ಲಿ ಕಚ್ಚು ಬಿದ್ದಿದ್ದರೆ ಕಟಕಟ. ಬಿಸಿ ನೋಡಲು ಅಂಗೈ ಇಡಬಾರದು, ಅಂಗೈಯ ಹಿಂಭಾಗ ಇಡಬೇಕು. ಇಷ್ಟೇ ವಿದ್ಯೆ. ಇದನ್ನು ಕಲಿಯಲು ವಾರ ಸಾಕು, ನಂಬಲು ಹತ್ತು ವರ್ಷ ಬೇಕು.

ನನ್ನ ಮೊದಲ ದೊಡ್ಡ ತಪ್ಪು ಬೇರಿಂಗ್ ಕೂರಿಸುವಾಗ ಆಯಿತು. ಹೊಸ ಬೇರಿಂಗು ಶಾಫ್ಟಿಗೆ ಬಿಗಿಯಾಗಿತ್ತು. ಸುತ್ತಿಗೆ ತೆಗೆದುಕೊಂಡು ಹೊರಗಿನ ಬಳೆಯ ಮೇಲೆ ನಾಲ್ಕು ಬಿಟ್ಟೆ, ಕೂತಿತು. ಏನೋ ಸಾಧಿಸಿದವನ ಹಾಗೆ ಬೆವರು ಒರೆಸಿಕೊಂಡೆ. ಉಸ್ತಾದರು ಮೋಟರ್ ಆನ್ ಮಾಡಿ, ಸ್ಕ್ರೂಡ್ರೈವರಿನ ಹಿಡಿಯನ್ನು ನನ್ನ ಕಿವಿಗೇ ಇಟ್ಟರು. ಹೊಸ ಬೇರಿಂಗು ಹಳೆಯದರ ಹಾಗೆ ಕಟಕಟ ಅನ್ನುತ್ತಿತ್ತು. ಹೊರಬಳೆಗೆ ಹೊಡೆದರೆ ಏಟೆಲ್ಲ ಗುಂಡುಗಳ ಮೂಲಕ ಹಾದು ಪಥದಲ್ಲಿ ಹಳ್ಳ ಬೀಳಿಸುತ್ತದೆ.

"ಇವತ್ತು ಇದನ್ನ ನಿನ್ ತಲೆದಿಂಬಿನ ಹತ್ರ ಇಟ್ಕೊಂಡು ಮಲಗು," ಎಂದು ಬಿಚ್ಚಿ ಕೈಗೆ ಕೊಟ್ಟರು. ಆ ಬೇರಿಂಗು ಇನ್ನೂ ನನ್ನ ಬಳಿ ಇದೆ.

ಆಮೇಲೆ ನಮ್ಮ ಊರಿಗೆ ತಕ್ಕ ಒಂದು ಉಪಾಯ ಕಂಡುಕೊಂಡೆವು. ರೇಷ್ಮೆ ಎಳೆಯುವ ಮನೆಯಲ್ಲಿ ಬಿಸಿನೀರಿಗೇನು ಬರ. ಒಂದು ಡಬ್ಬಿಯಲ್ಲಿ ಎಣ್ಣೆ ಹಾಕಿ, ಅದರಲ್ಲಿ ಬೇರಿಂಗ್ ಮುಳುಗಿಸಿ, ಡಬ್ಬಿಯನ್ನು ಗೂಡು ಬೇಯಿಸುವ ಬಾಣಲೆಯಲ್ಲಿ ನಿಲ್ಲಿಸುತ್ತಿದ್ದೆವು. ಕಾದು ಹಿಗ್ಗಿದ ಬೇರಿಂಗು ಬಳೆ ತೊಡಿಸಿದ ಹಾಗೆ ಶಾಫ್ಟಿಗೆ ಜಾರುತ್ತಿತ್ತು. ಸುತ್ತಿಗೆ ಬೇಕಾಗುತ್ತಲೇ ಇರಲಿಲ್ಲ.

ಕನಕಪುರದಲ್ಲಿ ಒಬ್ಬ ಯಜಮಾನರು ನೂಲು ಹುರಿ ಮಾಡುವ ಘಟಕ ಹಾಕಿದ್ದರು. ಕಲ್ಲು ಕ್ವಾರಿಯ ನಂಟಿದ್ದವರು. ಮೋಟರ್ ಕೂರಿಸಲು ಪಾಲಿಶ್ ಮಾಡಿಸಿದ ಗ್ರಾನೈಟ್ ಚಪ್ಪಡಿ ಹಾಕಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಮೋಟರ್ ಮಾತ್ರ ಗುಂಯ್ ಎಂದು ನಡುಗುತ್ತಿತ್ತು. ಮೂರು ಜನ ಮೆಕ್ಯಾನಿಕ್ಕುಗಳು ಬೇರಿಂಗ್ ಬದಲಿಸಿ ಹೋಗಿದ್ದರು. ನಾನು ನಾಲ್ಕನೆಯವನು. ಓಡುತ್ತಿರುವಾಗಲೇ ನಾಲ್ಕು ಕಾಲಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿ ಮಾಡುತ್ತಾ ಬಂದೆ. ಮೂರನೆಯದನ್ನು ಸಡಿಲಿಸಿದ ತಕ್ಷಣ ನಡುಕ ನಿಂತಿತು. ಆ ಕಾಲು ಚಪ್ಪಡಿಗೆ ಕೂತೇ ಇರಲಿಲ್ಲ, ಬೋಲ್ಟ್ ಎಳೆದಾಗ ಮೋಟರಿನ ಮೈಯೇ ತಿರುಚಿಕೊಳ್ಳುತ್ತಿತ್ತು.

"ಏನ್ಲಾ ಅದು?" ಎಂದರು ಯಜಮಾನರು.

"ನಿಮ್ ಚಪ್ಪಡಿ ಒಂದ್ ಕಡೆ ತಗ್ಗೈತೆ ಯಜಮಾನ್ರೆ."

"ನಮ್ ಕಲ್ಲಾ? ಕನ್ನಡಿ ಇದ್ದಂಗೈತೆ, ಮುಖ ನೋಡ್ಕೊಬೋದು ಕಣ್ಲಾ."

"ಮುಖ ನೋಡ್ಕೊಳಿ. ಮೋಟರ್ ಮಾತ್ರ ಕೂರಕಿಲ್ಲ."

ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಒಂದು ತುಂಡು ಕತ್ತರಿಸಿ ಆ ಕಾಲಿನ ಕೆಳಗೆ ಕೊಟ್ಟೆ. ಅಷ್ಟಕ್ಕೇ ರಿಪೇರಿ ಮುಗಿಯಿತು. ಈ ಕೆಲಸದಿಂದ ನನ್ನ ಹೆಸರು ನಾಲ್ಕೂ ತಾಲ್ಲೂಕಿಗೆ ಹಬ್ಬಿತು. ಹೆಸರಿನ ಜೊತೆಗೆ ಜಂಬವೂ ಬಂತು. ಮುಂದಿನದಕ್ಕೆ ಈ ಜಂಬವೇ ಕಾರಣವಾದ್ದರಿಂದ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಚನ್ನಪಟ್ಟಣದಲ್ಲಿ ಚೌಡಣ್ಣ ಎನ್ನುವ ಬೊಂಬೆ ಕೆಲಸದವರಿದ್ದರು. ಮರವನ್ನು ತಿರುಗಿಸಿ ಕೆತ್ತುವ ಅವರ ಕಡೆಸಲು ಯಂತ್ರದ ಮೋಟರಿಗೆ ಮರದ ಪುಡಿ ತುಂಬಿಕೊಂಡು ಆಗಾಗ ಬಿಸಿಯೇರುತ್ತಿತ್ತು. ನಾನು ಹೋಗಿ ಬಿಚ್ಚಿ ಊದಿ ಬರುತ್ತಿದ್ದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಂದು ದಿನ ಅವರ ಬೆಲ್ಟು ಜಾರತೊಡಗಿತು. ಚೌಡಣ್ಣ ಎದ್ದು, ಕೈಯಲ್ಲಿದ್ದ ಕೆಂಪು ಅರಗಿನ ಕಡ್ಡಿಯನ್ನೇ ಓಡುವ ಬೆಲ್ಟಿನ ಒಳಮೈಗೆ ಎರಡು ಸಲ ತಾಗಿಸಿದರು. ಬೆಲ್ಟು ತಾನು ಸುತ್ತುವ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ಕಚ್ಚಿ ಹಿಡಿಯಿತು.

ನನಗೆ ತಲೆಯೊಳಗೆ ದೀಪ ಹತ್ತಿತು. ರಾಮನಗರದ ರೇಷ್ಮೆ ಮನೆಗಳಲ್ಲಿ ಹಬೆಗೆ ನೆನೆದು ಬೆಲ್ಟು ಜಾರುವುದೇ ದಿನನಿತ್ಯದ ಗೋಳು. ಜಾರಿದರೆ ರಾಟೆ ನಿಧಾನವಾಗುತ್ತದೆ, ಎಳೆ ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕೆ ಬೆಲ್ಟನ್ನು ವೀಣೆಯ ತಂತಿಯ ಹಾಗೆ ಬಿಗಿದು ಬೇರಿಂಗ್ ಹಾಳು ಮಾಡಿಕೊಳ್ಳುತ್ತಿದ್ದರು. ನಾನು ಚೌಡಣ್ಣನಿಂದ ಅರಗಿನ ತುಂಡುಗಳನ್ನು ಒಂದು ಚೀಲ ಕಟ್ಟಿಸಿಕೊಂಡು ಬಂದೆ. ನಮ್ಮ ಬೀದಿಯ ಮನೆಮನೆಗೂ ಹೋಗಿ, ಬೆಲ್ಟನ್ನು ಹದಕ್ಕೆ ಸಡಿಲಿಸಿ, ಅರಗು ಹಚ್ಚುವುದನ್ನು ತೋರಿಸಿಕೊಟ್ಟೆ. ಎಲ್ಲರೂ ಹೊಗಳಿದರು. ಉಸ್ತಾದರು ಮಾತ್ರ, "ಯಾರ್ ಹೇಳ್ಕೊಟ್ರು?" ಎಂದು ಕೇಳಿದರು. "ನಾನೇ ನೋಡ್ಕೊಂಡ್ ಬಂದೆ" ಎಂದೆ. "ಪೂರ್ತಿ ನೋಡ್ದೆಯಾ?" ಎಂದರು. ಅದೇನು ಪ್ರಶ್ನೆ ಎಂದು ನಾನು ನಕ್ಕೆ.

ಆ ಬೀದಿಯ ಕೊನೆಯಲ್ಲಿ ಮೆಹಬೂಬ್ ಸಾಬರ ಮನೆ. ಹಿಂದಿನ ಉದ್ದನೆಯ ಪಡಸಾಲೆಯಲ್ಲಿ ರೇಷ್ಮೆ ಎಳೆಯುವ ಕೆಲಸ, ಒಟ್ಟು ಹತ್ತು ಜನ. ಅವರಲ್ಲಿ ಎಲ್ಲರಿಗಿಂತ ಕೈ ಚೆನ್ನಾಗಿದ್ದದ್ದು ಪುಟ್ಟತಾಯಕ್ಕನದು. ಗೂಡು ಬೇಯುವ ನೀರಿನಲ್ಲಿ ಬೆರಳಾಡಿಸಿ, ಎಷ್ಟು ಗೂಡಿನ ಎಳೆ ಸೇರಿದೆ ಎಂದು ನೋಡದೆಯೇ ಹೇಳುತ್ತಿದ್ದಳು. ಒಂದು ಎಳೆ ಕಡಿದರೆ ಕಣ್ಣಿಗೆ ಕಾಣುವ ಮೊದಲೇ ಆಕೆಯ ಬೆರಳಿಗೆ ಗೊತ್ತಾಗುತ್ತಿತ್ತು. ಎಲ್ಲರಿಗಿಂತ ಮುಂಚೆ ಬಂದು ಒಲೆ ಹಚ್ಚಿ ಮೋಟರ್ ಹಾಕುವುದೂ ಆಕೆಯೇ.

ಒಂದು ದಿನ ಸಾಬರು ಹೇಳಿಕಳಿಸಿದರು. ಮೋಟರ್ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಸುಮ್ಮನೆ ಹಮ್ ಎನ್ನುತ್ತದೆ, ಬೆಲ್ಟನ್ನು ಕೈಯಿಂದ ಎಳೆದರೆ ಹೊರಡುತ್ತದೆ. ನನಗೆ ಬೇರೆ ಕೆಲಸಗಳಿದ್ದವು, ಹೋಗುವಾಗ ಮಧ್ಯಾಹ್ನ. ಬೆಲ್ಟ್ ಬಿಚ್ಚಿ ಶಾಫ್ಟ್ ತಿರುಗಿಸಿದೆ, ಸಲೀಸಾಗಿ ತಿರುಗಿತು. ಕಬ್ಬಿಣ ಸರಿಯಿದೆ, ಹಾಗಾದರೆ ಕರೆಂಟಿನದು. ಹಮ್ ಎಂದು ನಿಂತು, ಕೈ ಕೊಟ್ಟರೆ ಓಡುವ ಮೋಟರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಹೋಗಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಹೊಸದು ಹಾಕಿ ಬಂದೆ. ವಾರದಲ್ಲಿ ಮತ್ತೆ ಅದೇ ದೂರು. ಮತ್ತೆ ಮಧ್ಯಾಹ್ನ ಹೋದೆ, ಇನ್ನೊಂದು ಕೆಪಾಸಿಟರ್ ಹಾಕಿದೆ. ಮೂರನೆಯ ಸಲ ಹೋದಾಗ ಪುಟ್ಟತಾಯಕ್ಕ ಬಾಣಲೆ ಬಿಟ್ಟು ಎದ್ದು ಬಂದಳು.

"ಶಿವಲಿಂಗಣ್ಣ, ಈಗ ನೋಡುದ್ರೆ ಅದು ಚೆಂದಾಗೇ ತಿರುಗ್ತದೆ. ಬೆಳಿಗ್ಗೆ ಒಸಿ ಬಂದು ನೋಡು."

"ಬೆಳಿಗ್ಗೆ ಒಂದು ಮೋಟರ್, ಮಧ್ಯಾಹ್ನ ಒಂದು ಮೋಟರ್ ಐತೇನಕ್ಕ ನಿಮ್ಮಲ್ಲಿ?" ಎಂದೆ. ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

"ಅಂಗಲ್ಲ. ಬಾಣಲೆ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಅದ್ರ ಕತ್ತಿಗೆ ಒಸಿ ಹೊತ್ತು ಸುತ್ತಿ ಬುಟ್ರೆ ಆಮೇಲೆ ತಿರುಗ್ತದೆ. ನಾನು ದಿನಾ ಅಂಗೇ ಮಾಡಿ ಹಾಕ್ತಾ ಇವ್ನಿ."

ನನ್ನ ಕಿವಿಗೆ ಬಟ್ಟೆ, ನೀರು, ಮೋಟರ್ ಈ ಮೂರು ಮಾತಷ್ಟೇ ಬಿದ್ದವು. ಬಗ್ಗಿ ಬ್ಯಾಟರಿ ಬಿಟ್ಟು ನೋಡಿದೆ. ಶಾಫ್ಟು ಮೋಟರಿನಿಂದ ಹೊರಬರುವ ಕತ್ತಿನಲ್ಲಿ, ಪುಲ್ಲಿಯ ಹಿಂದೆ, ಕೆಂಪಗೆ ಕಂಡಿತು. ತುಕ್ಕು. ಪುಲ್ಲಿ ತೆಗೆದು ನೋಡಬೇಕಿತ್ತು. ಪುಲ್ಲಿ ಎಳೆಯುವ ಸಾಮಾನು ಅಂಗಡಿಯಲ್ಲಿ ಬಿಟ್ಟು ಬಂದಿದ್ದೆ, ಹೋಗಿ ತರಲು ಸೋಮಾರಿತನ. ಎದ್ದು ನಿಂತು ಉಳಿದ ಒಂಬತ್ತು ಜನರೂ ಕೇಳುವ ಹಾಗೆ ಮೆಹಬೂಬ್ ಸಾಬರಿಗೆ ಹೇಳಿದೆ: "ನಿಮ್ ಮೋಟರ್‌ಗೆ ಏನೂ ಆಗಿಲ್ಲ ಸಾಬ್ರೆ. ಅದನ್ನ ಹಾಕೋ ಕೈಗೆ ಆಗಿರೋದು. ದಿನಾ ನೀರು ಕುಡಿಸಿ ತುಕ್ಕು ಹಿಡಿಸವ್ರೆ. ಒದ್ದೆ ಕೈಯಲ್ಲೇ ಸ್ವಿಚ್ಚೂ ಹಾಕ್ತಾರೆ ಅಂತ ಕಾಣ್ತದೆ. ಒಂದಿನ ಹೆಣ ಬೀಳ್ತದೆ."

ಕೊನೆಯ ಮಾತು ಸಾಬರನ್ನು ಹೆದರಿಸಿತು. ಅವರು ಕೆಟ್ಟವರಲ್ಲ, ತಮ್ಮ ಮನೆಯಲ್ಲಿ ಅಂಥದ್ದು ನಡೆದರೆ ಗತಿಯೇನು ಎಂದು ಬೆವರಿದರು. ಪುಟ್ಟತಾಯಕ್ಕ, "ನಾನು ಕೈ ಒರೆಸ್ಕೊಂಡೇ ಹಾಕೋದು" ಎಂದಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಾರನೆಯ ದಿನದಿಂದ ಆಕೆಗೆ ಬರಬೇಡ ಎಂದು ಹೇಳಿದರು ಎಂಬ ಸುದ್ದಿ ನನಗೆ ಟೀ ಅಂಗಡಿಯಲ್ಲಿ ತಿಳಿಯಿತು. ಪಾಪ ಅನಿಸಿತು. ಟೀ ಕುಡಿದು ಮುಗಿಸುವಷ್ಟರಲ್ಲಿ ಅದೂ ಹೋಯಿತು.

ಏಳು ದಿನ ಬೆಲ್ಟ್ ಎಳೆದು ಹೇಗೋ ಓಡಿಸಿದರು, ಆಕೆ ಹೋದ ಎಂಟನೆಯ ದಿನ ಮೋಟರ್ ಸುಟ್ಟಿತು. ಬೆಳಿಗ್ಗೆ ಸ್ವಿಚ್ ಹಾಕಿದವರು ಹಮ್ ಎನ್ನುವುದನ್ನು ಲೆಕ್ಕಿಸದೆ ಬಿಟ್ಟಿದ್ದರು, ತಿರುಗಲಾರದ ಮೋಟರ್ ಒಳಗೇ ಕುದಿದು ಹೋಯಿತು. ನಾನು ಕವರ್ ಬಿಚ್ಚಿ ಸುಟ್ಟ ತಂತಿಯ ಸುತ್ತು ತೆಗೆದು ಹೊಸ ವೈಂಡಿಂಗ್ ಮಾಡಿಕೊಟ್ಟೆ. ಪುಲ್ಲಿಯ ಕಡೆಯನ್ನು ಆಗಲೂ ಬಿಚ್ಚಲಿಲ್ಲ, ಹಿಂಬದಿಯ ಮುಚ್ಚಳದಿಂದಲೇ ಕೆಲಸ ಮುಗಿಸಿದೆ. ನಾಲ್ಕೇ ದಿನಕ್ಕೆ ಮತ್ತೆ ಹಮ್. ಈಗ ಕೈ ಒದ್ದೆ ಮಾಡಿಕೊಳ್ಳುವವರೂ ಇರಲಿಲ್ಲ, ಬಟ್ಟೆ ಸುತ್ತುವವರೂ ಇರಲಿಲ್ಲ. ಮೆಹಬೂಬ್ ಸಾಬರು ನನ್ನ ಮುಖ ನೋಡಿದರು, ನಾನು ಮೋಟರಿನ ಮುಖ ನೋಡಿದೆ. "ಬೆಳಿಗ್ಗೆ ಒಸಿ ಬಂದು ನೋಡು" ಎಂದ ಮಾತು ಆಗ ನೆನಪಾಯಿತು.

ಮಾರನೆಯ ಬೆಳಿಗ್ಗೆ ಆರಕ್ಕೆ ಹೋದೆ. ಒಲೆ ಇನ್ನೂ ಹತ್ತಿರಲಿಲ್ಲ. ಬೆಲ್ಟ್ ಬಿಚ್ಚಿ ಶಾಫ್ಟಿಗೆ ಬೆರಳು ಕೊಟ್ಟೆ. ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಮೊದಮೊದಲು ಬೆಲ್ಟ್ ಎಳೆದರೆ ಹೊರಡುತ್ತಿದ್ದದ್ದು ಈಗ ಬೆಸುಗೆ ಹಾಕಿದ ಹಾಗೆ ಕೂತಿತ್ತು. ಮಧ್ಯಾಹ್ನ ಬೆರಳಿಗೆ ತಿರುಗುತ್ತಿದ್ದ ಅದೇ ಶಾಫ್ಟು. ಒಲೆ ಹತ್ತಿ ನೀರು ಕಾಯುವವರೆಗೆ ಕಾದಿದ್ದು, ಬಟ್ಟೆ ಅದ್ದಿ, ಹಿಂಡಿ, ಕತ್ತಿಗೆ ಸುತ್ತಿದೆ. ಸ್ವಲ್ಪ ಹೊತ್ತಿಗೆ ಶಾಫ್ಟು ಮೆತ್ತಗೆ ಬಿಟ್ಟುಕೊಟ್ಟಿತು. ಪುಲ್ಲಿ ಎಳೆದು ತೆಗೆದೆ. ಅದರ ಹಿಂದೆ, ಶಾಫ್ಟಿಗೂ ಮುಚ್ಚಳಕ್ಕೂ ನಡುವಿನ ಸಂದಿನಲ್ಲಿ, ಬಳೆಯಂತೆ ಸುತ್ತಿಕೊಂಡಿದ್ದು ಅರಗು. ಚನ್ನಪಟ್ಟಣದ ಬೊಂಬೆಯ ಕೆಂಪು. ತುಕ್ಕು ಎಂದು ನಾನು ಸಾರಿದ್ದು ಇದನ್ನೇ.

ಬೆಲ್ಟಿಗೆ ಹಚ್ಚಿದ ಅರಗು ಚೂರು ಚೂರಾಗಿ ಸಿಡಿದು ಆ ಸಂದಿಗೆ ಸೇರುತ್ತಿತ್ತು. ಮೋಟರ್ ಬಿಸಿಯಿದ್ದಷ್ಟು ಹೊತ್ತು ಮೆತ್ತಗಿದ್ದು ಶಾಫ್ಟನ್ನು ತಿರುಗಲು ಬಿಡುತ್ತಿತ್ತು. ಕೆಲಸ ನಿಂತು ತಣ್ಣಗಾದ ಮೇಲೆ ಕಲ್ಲಾಗುತ್ತಿತ್ತು. ಅದನ್ನು ಮನೆಮನೆಗೆ ಹಂಚಿದವನು ನಾನು. ಕಾಯಿಲೆ ಕಂಡುಹಿಡಿದು, ಮದ್ದನ್ನೂ ಕಂಡುಕೊಂಡು, ದಿನಾ ಬೆಳಿಗ್ಗೆ ಮೋಟರನ್ನು ಉಳಿಸುತ್ತಿದ್ದವಳು ಪುಟ್ಟತಾಯಕ್ಕ. ಆಕೆಯನ್ನೇ ನಾನು ಹೊರಗೆ ಹಾಕಿಸಿದ್ದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಏನಾಗಿತ್ತು ಮೇಸ್ತ್ರಿ?" ಎಂದು ಸಾಬರು ಬಾಗಿಲಲ್ಲಿ ನಿಂತು ಕೇಳಿದರು.

"ಗ್ರೀಸ್ ಗಟ್ಟಿಯಾಗಿತ್ತು," ಎಂದೆ.

ಇದನ್ನು ಬರೆಯಲು ನಲವತ್ತು ವರ್ಷದ ಮೇಲೂ ಕೈ ಹಿಂಜರಿಯುತ್ತಿದೆ. ಸುಳ್ಳು ಅಷ್ಟು ಸಲೀಸಾಗಿ ಬಂತು. ಮುಂದಿನ ಎರಡು ವಾರ ಬೀದಿಯ ಮನೆಮನೆಗೂ ಹೋಗಿ, "ಸರ್ವೀಸ್ ಮಾಡಿಕೊಡ್ತೀನಿ" ಎಂದು ಹೇಳಿ, ಪುಲ್ಲಿ ತೆಗೆದು ಗುಟ್ಟಾಗಿ ಅರಗು ಕೆರೆದು ಬಂದೆ. ಎಂಥ ಒಳ್ಳೆಯ ಮನುಷ್ಯ ಎಂದು ಟೀ ಕೊಟ್ಟರು, ಕುಡಿದೆ. ಚನ್ನಪಟ್ಟಣಕ್ಕೂ ಹೋಗಿ, ನಿಮ್ಮ ಮೋಟರ್ ಯಾಕೆ ಕಚ್ಚಿಕೊಳ್ಳುವುದಿಲ್ಲ ಎಂದು ಚೌಡಣ್ಣನನ್ನು ಕೇಳಿದೆ.

"ಶನಿವಾರ ಶನಿವಾರ ಪುಲ್ಲಿ ಹಿಂದೆ ಚಾಕು ಹಾಕಿ ಕೆರೀತೀನಲ್ಲ," ಎಂದರು ಅವರು. "ನೀನು ನೋಡಿಲ್ವಾ?"

ನಾನು ಶನಿವಾರ ಅಲ್ಲಿಗೆ ಹೋಗಿಯೇ ಇರಲಿಲ್ಲ. ಹಚ್ಚುವುದನ್ನು ನೋಡಿದ್ದೆ, ಕೆರೆಯುವುದನ್ನು ನೋಡಿರಲಿಲ್ಲ. ಪೂರ್ತಿ ನೋಡಿದೆಯಾ ಎಂದು ಉಸ್ತಾದರು ಕೇಳಿದ್ದರ ಅರ್ಥ ಆವತ್ತು ಆಯಿತು.

ಉಸ್ತಾದರಿಗೆ ನಾನು ಹೇಳಲಿಲ್ಲ. ಅವರೇ ಕಂಡುಹಿಡಿದರು. ನನ್ನ ಬೆಂಚಿನ ಕೆಳಗೆ ಗುಡಿಸುವಾಗ ಕೆಂಪು ಪುಡಿ ಸಿಕ್ಕಿತ್ತು. ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಮೂಸಿ, ನನ್ನ ಮುಂದೆ ಕೂತರು. ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಅರಗು ಹಚ್ಚಿದ್ದು ತಪ್ಪು, ಆಗ್ತದೆ. ನಂದೂ ಆಗಿದೆ," ಎಂದರು. "ಆದ್ರೆ ಇದನ್ನ ನನ್ ಹತ್ರ ಯಾಕೆ ಹೇಳ್ತೀಯಾ? ಆ ಹೆಂಗಸಿನ ಹೆಸರು ನೀನು ಕೆಡಿಸಿದ್ದು ಈ ಅಂಗಡೀಲಲ್ಲ."

ಪುಟ್ಟತಾಯಕ್ಕನನ್ನು ಹುಡುಕಿಕೊಂಡು ಹೋದೆ. ಊರಾಚೆ ಒಬ್ಬರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಬಿಸಿಲಲ್ಲಿ ಸೊಪ್ಪಿನ ಹೊರೆ ಕಟ್ಟುತ್ತಿದ್ದವಳು ನನ್ನನ್ನು ನೋಡಿ ಸುಮ್ಮನೆ ಕಟ್ಟುತ್ತಲೇ ಇದ್ದಳು. ನಾನು ನಿಂತುಕೊಂಡೇ ಹೇಳಿದೆ, ಅರಗಿನ ವಿಷಯ, ತುಕ್ಕಿನ ವಿಷಯ, ಆಕೆಯ ಬಿಸಿಬಟ್ಟೆಯೇ ಸರಿಯಾದ ಮದ್ದಾಗಿತ್ತು ಎನ್ನುವುದು. ತಪ್ಪಾಯಿತಕ್ಕ ಎಂದೆ.

ಆಕೆ ಕೈ ಚಾಚಿ ಬೆರಳುಗಳನ್ನು ತೋರಿಸಿದಳು. ಕೊಂಬೆ ಗೀರಿ ತುದಿಗಳೆಲ್ಲ ಒರಟಾಗಿದ್ದವು.

"ಎರಡು ತಿಂಗಳಾಯ್ತು. ಇನ್ನೊಂದೆರಡು ತಿಂಗಳು ಹಿಂಗೇ ಆದ್ರೆ ಎಳೆ ಕಡಿದಿದ್ದು ಈ ಬೆರಳಿಗೆ ಗೊತ್ತಾಗಾಕಿಲ್ಲ. ಆಮೇಲೆ ನನ್ನ ಯಾರು ಬಾಣಲೆ ಮುಂದೆ ಕೂರುಸ್ತಾರೆ? ಸಾಬ್ರ ಮನೆ ಬುಟ್ಟು ಇನ್ನು ನಾಕು ಮನೆಗೆ ಹೋಗಿದ್ದೆ. ಮೋಟರ್‌ಗೆ ನೀರು ಹಾಕೋಳು ನೀನೇ ಅಲ್ವಾ ಅಂದ್ರು."

ನನ್ನ ಹೊಟ್ಟೆಪಾಡೂ ಬೆರಳಿನದೇ ಅಲ್ಲವೇ.

"ಸಾಬ್ರಿಗೆ ಹೇಳ್ತೀನಿ ಅಕ್ಕ. ವಾಪಸ್ ಕರೆಸ್ತೀನಿ."

"ಸಾಬ್ರ ಕಿವೀಲಿ ಯೋಳುದ್ರೆ ನಾನು ಬರಾಕಿಲ್ಲ," ಎಂದಳು. "ಅವತ್ತು ಒಂಬತ್ತು ಜನ ಕೇಳುಸ್ಕೊಂಡ್ರು. ಆ ಒಂಬತ್ತು ಜನ್ರ ಮುಂದೆ ಯೋಳು. ನೀನು ನಿಂತ್ಕೊಂಡ್ ಯೋಳಿದ್ದು, ನಿಂತ್ಕೊಂಡೇ ಯೋಳಬೇಕು."

ಆ ಸಂಜೆ ಮೆಹಬೂಬ್ ಸಾಬರ ಬಳಿ ಹೋಗಿ, ಗ್ರೀಸ್ ಎಂದದ್ದು ಸುಳ್ಳು ಎಂಬುದರಿಂದ ಶುರು ಮಾಡಿದೆ. ಅವರು ಬಾಣಲೆಗಳ ಕಡೆ ಕೈ ತೋರಿಸಿದರು. "ಆಕೆ ಜಾಗಕ್ಕೆ ಇಬ್ಬರನ್ನ ಕೂರ್ಸಿ ನೋಡ್ದೆ. ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ," ಎಂದರು. ಆಮೇಲೆ, "ನಿನ್ ಮಾತು ಕೇಳಿ ನಾನೂ ತಪ್ಪು ಮಾಡ್ದೆ. ನಾಳೆ ಬೆಳಿಗ್ಗೆ ಕರ್ಕೊಂಡ್ ಬಾ" ಎಂದರು.

ಮುಂದಿನದಕ್ಕೆ ಹೋಗುವ ಮೊದಲು ಹುಡುಗರಿಗೆ ಒಂದು ಮಾತು. ನಿಮ್ಮ ಕೈಯಲ್ಲಿ ಈಗ ನಡುಕ ಅಳೆಯುವ ಮೀಟರ್ ಇದೆ, ದೂರದಿಂದಲೇ ಬಿಸಿ ತೋರಿಸುವ ಗನ್ ಇದೆ. ಒಳ್ಳೆಯವು. ನನ್ನ ಕಾಲಕ್ಕೆ ಇದ್ದಿದ್ದರೆ ಎಷ್ಟೋ ಬೇರಿಂಗ್‌ಗಳು ಉಳಿಯುತ್ತಿದ್ದವು. ಆದರೆ ನಾನು ಹೋಗುತ್ತಿದ್ದದ್ದು ಮಧ್ಯಾಹ್ನ, ಕೈಯಲ್ಲಿದ್ದಿದ್ದರೆ ಆ ಮೀಟರೂ ಮಧ್ಯಾಹ್ನದ್ದನ್ನೇ ಹೇಳುತ್ತಿತ್ತು. ಮೋಟರಿನ ಪಕ್ಕ ದಿನವಿಡೀ ಕೂರುವವರಿಗೆ ಅದರ ಬೆಳಿಗ್ಗೆ, ಸಂಜೆ, ಸೋಮವಾರ ಎಲ್ಲವೂ ಗೊತ್ತಿರುತ್ತದೆ. ಅವರಿಗೆ ನಮ್ಮ ಭಾಷೆ ಬರದಿರಬಹುದು. ಅವರು ಕತ್ತು ಎನ್ನುತ್ತಾರೆ, ನೀವು ಬೇರೆ ಏನೋ ಎನ್ನುತ್ತೀರಿ. ಅವರ ಮಾತಿನಲ್ಲಿ ನಿಮಗೆ ನಗು ಬಂದರೆ, ಅಲ್ಲೇ ಕಾಯಿಲೆ ಇದೆ ಎಂದು ತಿಳಿದು ಬಗ್ಗಿ ನೋಡಿ. ಪುಲ್ಲಿ ತೆಗೆದು ನೋಡಿ.

ಮಾರನೆಯ ಬೆಳಿಗ್ಗೆ ಎಲ್ಲರೂ ಬಂದು ಕೂತ ಮೇಲೆ ಹೋದೆವು. ಪುಟ್ಟತಾಯಕ್ಕ ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು. ರಾಟೆಗಳು ತಿರುಗುತ್ತಿದ್ದವು, ಆ ಸದ್ದಿನಲ್ಲಿ ಯಾರಿಗೂ ನನ್ನ ದನಿ ಕೇಳುತ್ತಿರಲಿಲ್ಲ. ಸದ್ದಿನಲ್ಲೇ ಹೇಳಿ ಮುಗಿಸಿಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಹೋಗಿ ಮೋಟರ್ ಆಫ್ ಮಾಡಿದೆ. ರಾಟೆಗಳು ಒಂದೊಂದಾಗಿ ನಿಂತವು. ಬಾಣಲೆಯ ನೀರು ಕುದಿಯುವುದಷ್ಟೇ ಕೇಳುತ್ತಿತ್ತು.

"ಅವತ್ತು ಇಲ್ಲೇ ನಿಂತು ನಾನು ಪುಟ್ಟತಾಯಕ್ಕನ ಕೈ ಸರಿಯಿಲ್ಲ ಅಂದೆ," ಎಂದೆ. "ಆ ಕೈ ಸರಿಯಾಗೇ ಇತ್ತು. ಮೋಟರ್ ಕೆಡಿಸಿದ್ದು ನಾನು ಕೊಟ್ಟ ಅರಗು. ಅದು ಬೆಳಿಗ್ಗೆ ಕಚ್ಕೊತದೆ ಅಂತ ನನಗಿಂತ ಮುಂಚೆ ಆಯಮ್ಮಂಗೆ ಗೊತ್ತಿತ್ತು. ನನಗೆ ಹೇಳುದ್ರು. ನಾನು ನಕ್ಕುಬುಟ್ಟೆ. ತಪ್ಪು ನಂದು."

ಬಾಣಲೆಯ ಮುಂದೆ ಆಕೆಯ ಜಾಗದಲ್ಲಿ ಕೂತಿದ್ದ ಹುಡುಗಿ ತಾನಾಗೇ ಎದ್ದು ಪಕ್ಕದ ಮಣೆಗೆ ಸರಿದಳು. ಪುಟ್ಟತಾಯಕ್ಕ ಹೊಸ್ತಿಲು ದಾಟಿ ಬಂದಳು. ತನ್ನ ಜಾಗಕ್ಕೆ ಹೋಗಲಿಲ್ಲ, ನೇರವಾಗಿ ಸ್ವಿಚ್ಚಿನ ಬಳಿಗೆ ಬಂದಳು. ಸೆರಗು ತೆಗೆದುಕೊಂಡು ಒಂದು ಕೈ ಒರೆಸಿದಳು, ಅಂಗೈ, ಮುಂಗೈ, ಬೆರಳ ಸಂದಿ. ಇನ್ನೊಂದು ಕೈಯನ್ನೂ ಹಾಗೇ ಒರೆಸಿದಳು. ಆಮೇಲೆ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದು, ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ತೋರಿಸಿದಳು.

"ನೋಡ್ಕೊಂಡ್ಯಾ ಅಣ್ಣ?"

"ನೋಡ್ದೆ ಅಕ್ಕ," ಎಂದೆ.

ಆಕೆ ಸ್ವಿಚ್ ಹಾಕಿದಳು. ಮೋಟರ್ ಮೊದಲ ಸಲಕ್ಕೇ ತಿರುಗಿತು.